ಲ್ಯಾಪ್‌ಟಾಪ್ ಕೆಡುವುದು ಎಲ್ಲಿಂದ?

ಬೆಂಗಳೂರಿನ ಎಸ್.ಪಿ. ರಸ್ತೆಯ ರಿಪೇರಿ ಅಂಗಡಿಗಳಲ್ಲಿ ಅಡಿಭಾಗ ಬಿಚ್ಚಿಸಿಕೊಂಡು ಮಲಗಿರುವ ಲ್ಯಾಪ್‌ಟಾಪ್‌ಗಳೆಲ್ಲ ಕೈಜಾರಿ ಬಿದ್ದವಲ್ಲ. ಎಷ್ಟೋ ಯಂತ್ರಗಳ ಮೇಲೆ ಒಂದು ಗೀರೂ ಇರುವುದಿಲ್ಲ. ಮೇಲೆ ಚೆಂದದ ಸ್ಕಿನ್, ಕೀಲಿಮಣೆಗೆ ಸಿಲಿಕೋನ್ ಹೊದಿಕೆ. ಒಳಗೆ ನೋಡಿದರೆ ಧೂಳು ಕಟ್ಟಿದ ಫ್ಯಾನು, ಊದಿಕೊಂಡ ಬ್ಯಾಟರಿ, ಇಲ್ಲವೇ ಸಿಡಿಲಿಗೆ ಸುಟ್ಟ ಬೋರ್ಡು. ಮಗಳ ಪ್ರಾಜೆಕ್ಟು, ಅಪ್ಪನ ಜಿಎಸ್‌ಟಿ ಲೆಕ್ಕ, ಅಮ್ಮನ ಆನ್‌ಲೈನ್ ಪಾಠ ಎಲ್ಲವೂ ಒಂದೇ ಲ್ಯಾಪ್‌ಟಾಪಿನಲ್ಲಿ ನಡೆಯುವ ಮನೆಗಳಲ್ಲಿ ಅದು ವಾರಗಟ್ಟಲೆ ಅಂಗಡಿಯಲ್ಲಿ ಕೂತರೆ ಎಲ್ಲರ ಕೆಲಸವೂ ನಿಲ್ಲುತ್ತದೆ. ಹಾಗಾಗಿ ಸ್ಕಿನ್ನಿಗೆ ಹಾಕುವ ದುಡ್ಡಿಗಿಂತ ಒಳಗಿನ ಆರೈಕೆಗೆ ಹಾಕುವ ದುಡ್ಡು ಎಷ್ಟೋ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು ಬಿಸಿಯ ವಿಚಾರ. ಬಹುತೇಕ ಲ್ಯಾಪ್‌ಟಾಪ್‌ಗಳು ಅಡಿಯಿಂದ ತಣ್ಣನೆಯ ಗಾಳಿ ಎಳೆದುಕೊಂಡು, ಬಿಸಿಗಾಳಿಯನ್ನು ಪಕ್ಕದಿಂದಲೋ ಹಿಂದಿನಿಂದಲೋ ಹೊರಗೆ ದೂಡುತ್ತವೆ. ಹಾಸಿಗೆ, ದಿಂಬು, ಸೋಫಾದ ಮೇಲಿಟ್ಟರೆ ಅಡಿಯ ಕಿಂಡಿಗಳು ಮುಚ್ಚಿಹೋಗುತ್ತವೆ. ಬಟ್ಟೆಯ ನವಿರಾದ ಜುಂಗು ಒಳಕ್ಕೆ ಹೋಗುತ್ತದೆ. ಫ್ಯಾನಿಗೂ ಹೀಟ್‌ಸಿಂಕಿನ ತೆಳು ಲೋಹದ ಎಸಳುಗಳಿಗೂ ನಡುವೆ ಅದು ಧೂಳಿನೊಂದಿಗೆ ಸೇರಿ ಕಂಬಳಿಯ ತುಂಡಿನಂತೆ ಒತ್ತಾಗಿ ಕೂರುತ್ತದೆ. ಚಿಮುಟದಲ್ಲಿ ಹಿಡಿದೆಳೆದರೆ ಇಡೀ ಪಟ್ಟಿಯೇ ಎದ್ದು ಬರುವುದುಂಟು. ಆಗ ಫ್ಯಾನ್ ಎಷ್ಟೇ ಜೋರಾಗಿ ತಿರುಗಿದರೂ ಗಾಳಿ ಹೊರಬರುವುದಿಲ್ಲ. ಬಿಸಿ ಮಿತಿಮೀರಿದಾಗ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸುತ್ತದೆ. ‘ಲ್ಯಾಪ್‌ಟಾಪ್ ಸ್ಲೋ ಆಗಿದೆ’ ಎಂದು ಹೊಸ ರ‍್ಯಾಮ್ ಹಾಕಿಸುವ ಮೊದಲು ಫ್ಯಾನ್ ಕ್ಲೀನ್ ಮಾಡಿಸಿ, ಒಣಗಿದ ಥರ್ಮಲ್ ಪೇಸ್ಟ್ ಬದಲಾಯಿಸಿ ನೋಡಿ. ರಸ್ತೆ ಬದಿಯ ಮನೆಯಾದರೆ ವರ್ಷಕ್ಕೊಮ್ಮೆಯಾದರೂ ಈ ಕೆಲಸ ಆಗಲೇಬೇಕು. ಸಿಲಿಕೋನ್ ಹೊದಿಕೆಯ ಬಗ್ಗೆಯೂ ಒಂದು ಮಾತು: ಕೆಲವು ಮಾದರಿಗಳು ಕೀಲಿಗಳ ಸಂದಿಯಿಂದಲೂ ಗಾಳಿ ತೆಗೆದುಕೊಳ್ಳುತ್ತವೆ. ಅಂಥವಕ್ಕೆ ಹೊದಿಕೆ ಹಾಕಿದರೆ ಉಸಿರು ಕಟ್ಟಿಸಿದ ಹಾಗೆ.

ಬಿಸಿ ಬ್ಯಾಟರಿಯನ್ನೂ ಬಿಡುವುದಿಲ್ಲ. ಲಿಥಿಯಂ-ಅಯಾನ್ ಬ್ಯಾಟರಿಗೆ ಎರಡು ಸಂಗತಿಗಳು ಆಗಿಬರುವುದಿಲ್ಲ: ಸೆಕೆ ಮತ್ತು ಸದಾ ಭರ್ತಿ ಚಾರ್ಜು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರಿನಲ್ಲಿ ಇಡೀ ದಿನ ಚಾರ್ಜರ್ ಸಿಕ್ಕಿಸಿಟ್ಟು ಕೆಲಸ ಮಾಡಿದರೆ ಎರಡೂ ಒಟ್ಟಿಗೇ ಆದಂತೆ. ಈಗಿನ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಚಾರ್ಜನ್ನು ಶೇ 80ಕ್ಕೆ ನಿಲ್ಲಿಸುವ ಸೆಟ್ಟಿಂಗ್ ಇರುತ್ತದೆ, ಹುಡುಕಿ ಆನ್ ಮಾಡಿಕೊಳ್ಳಿ. ಟಚ್‌ಪ್ಯಾಡ್ ಉಬ್ಬಿದರೆ, ಒತ್ತಿದಾಗ ಕ್ಲಿಕ್ ಆಗದಿದ್ದರೆ, ಸಮತಟ್ಟಾದ ಮೇಜಿನ ಮೇಲೂ ಯಂತ್ರ ಅಲ್ಲಾಡಿದರೆ ಅಡಿಯಲ್ಲಿ ಬ್ಯಾಟರಿ ಊದಿರುವ ಸಾಧ್ಯತೆ ಹೆಚ್ಚು. ಅಂಥದ್ದನ್ನು ಒತ್ತಬೇಡಿ, ಚುಚ್ಚಬೇಡಿ, ಚಾರ್ಜಿಗೂ ಹಾಕಬೇಡಿ, ಬೆಂಕಿ ಹೊತ್ತಿಕೊಳ್ಳಬಹುದು. ತಿಳಿದವರ ಕೈಯಲ್ಲಿ ತೆಗೆಸಿಬಿಡಿ.

ಇನ್ನು ಹಿಂಜು. ಪರದೆಯ ಒಂದು ಮೂಲೆ ಹಿಡಿದು ಎತ್ತುವುದು ನಮಗೆಲ್ಲ ರೂಢಿ. ಹಾಗೆ ಎತ್ತಿದಾಗಲೆಲ್ಲ ಒಂದೇ ಹಿಂಜಿನ ಮೇಲೆ ಎಳೆತ ಬೀಳುತ್ತದೆ. ಅಗ್ಗದ ಮಾದರಿಗಳಲ್ಲಿ ಹಿಂಜಿನ ಸ್ಕ್ರೂ ಹಿಡಿದುಕೊಂಡಿರುವುದು ಪ್ಲಾಸ್ಟಿಕ್ಕಿನಲ್ಲಿ ಹುದುಗಿಸಿದ ಪುಟ್ಟ ಹಿತ್ತಾಳೆ ಬಿಲ್ಲೆಯನ್ನು. ಹಿಂಜು ಬಿಗಿಯಾದಂತೆ ಆ ಪ್ಲಾಸ್ಟಿಕ್ ಬಿರುಕು ಬಿಟ್ಟು ಬಿಲ್ಲೆಯೇ ಕಿತ್ತು ಬರುತ್ತದೆ. ತೆರೆಯುವಾಗ ‘ಕಟಕ್’ ಎಂದು ಸದ್ದು ಬಂದರೆ, ಪರದೆಯ ಅಂಚಿನಲ್ಲಿ ಬಾಯಿ ಬಿಟ್ಟಂತೆ ಕಂಡರೆ, ಕೂಡಲೇ ತೋರಿಸಿ. ಆ ಹಂತದಲ್ಲಿ ಹಿಂಜನ್ನು ಸಡಿಲಿಸಿದರೆ ಮುಗಿಯುತ್ತದೆ. ತಡ ಮಾಡಿದರೆ ಕವಚ ಬದಲಿಸಬೇಕು, ಹಿಂಜಿನ ಪಕ್ಕದಲ್ಲೇ ಹಾದುಹೋಗುವ ಡಿಸ್‌ಪ್ಲೇ ಕೇಬಲ್ಲೂ ಕತ್ತರಿಸಿಹೋದೀತು. ಪರದೆಯ ನಡುವಿಗೆ ಬೆರಳಿಟ್ಟು ತೆರೆಯುವ ಅಭ್ಯಾಸವನ್ನು ಮಕ್ಕಳಿಗೆ ಮೊದಲ ದಿನವೇ ಕಲಿಸಿ. ಮುಚ್ಚುವ ಮುನ್ನ ಕೀಲಿಮಣೆಯ ಮೇಲೆ ಪೆನ್ನು, ಇಯರ್‌ಫೋನ್ ಇದೆಯೇ ನೋಡುವುದನ್ನೂ.

ಕಾಫಿ ಚೆಲ್ಲಿದರೆ ಚಾರ್ಜರ್ ಕಿತ್ತು, ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ, ಕೀಲಿಮಣೆ ಕೆಳಮುಖವಾಗುವಂತೆ ಬೋರಲು ಹಾಕಿ. ಅಕ್ಕಿಯಲ್ಲಿ ಹೂತಿಟ್ಟು ಪ್ರಯೋಜನವಿಲ್ಲ. ನೀರು ಆರಿದರೂ ಸಕ್ಕರೆ, ಹಾಲು ಬೋರ್ಡಿಗೆ ಅಂಟಿಕೊಂಡು ತಾಮ್ರವನ್ನು ತಿನ್ನುತ್ತವೆ. ‘ಆನ್ ಆಗುತ್ತದಾ ನೋಡೋಣ’ ಎನ್ನುವ ಆತುರವೇ ಎಷ್ಟೋ ಬೋರ್ಡುಗಳನ್ನು ಸುಡುತ್ತದೆ. ಬಿಚ್ಚಿಸಿ, ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ತೊಳೆಸಿದ ಮೇಲೆಯೇ ಆನ್ ಮಾಡಿ.

ನಮ್ಮಲ್ಲಿ ಯಾರೂ ಅಷ್ಟಾಗಿ ಗಮನ ಕೊಡದ ವಿಚಾರ ಕರೆಂಟಿನದು. ಚಾರ್ಜಿಗೆ ಹಾಕಿದಾಗ ಲೋಹದ ಮೈಯ ಲ್ಯಾಪ್‌ಟಾಪ್ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ ಎಂದು ಎಷ್ಟೋ ಜನ ಹೇಳುತ್ತಾರೆ. ಚಾರ್ಜರಿನ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳಿಂದ ತೀರಾ ಅಲ್ಪ ಪ್ರಮಾಣದ ಕರೆಂಟ್ ಸೋರುತ್ತದೆ. ಮೂರನೇ ಪಿನ್ನಿನ ಮೂಲಕ ಅದು ನೆಲಕ್ಕೆ ಇಳಿಯಬೇಕು. ಸಾಕೆಟ್ಟಿಗೆ ಅರ್ಥಿಂಗ್ ಇಲ್ಲದಿದ್ದರೆ, ಅಥವಾ ಎರಡು ಪಿನ್ನಿನ ಕನ್ವರ್ಟರ್ ಸಿಕ್ಕಿಸಿದ್ದರೆ, ಅದು ಯಂತ್ರದ ಮೈಯಲ್ಲೇ ಉಳಿಯುತ್ತದೆ. ಅರ್ಥಿಂಗ್ ಇಲ್ಲದ ಕಡೆ ಸ್ಪೈಕ್ ಗಾರ್ಡ್ ಕೂಡ ತನ್ನ ಕೆಲಸವನ್ನು ಪೂರ್ತಿ ಮಾಡಲಾರದು. ಭರಣಿ, ಕೃತ್ತಿಕೆ ಮಳೆಯ ಗುಡುಗು ಸಿಡಿಲಿನ ಸಂಜೆಗಳಲ್ಲಿ ಚಾರ್ಜರ್ ಜತೆಗೆ ಇಂಟರ್ನೆಟ್‌ನ ಲ್ಯಾನ್ ಕೇಬಲ್ಲನ್ನೂ ಕಿತ್ತಿಡಿ. ಸಿಡಿಲಿನ ಹೊಡೆತ ಆ ತಂತಿಯಿಂದಲೂ ಬರುತ್ತದೆ. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ತೆಗೆಯಬೇಕು.

ಹಳೆಯ ಮನೆಗಳಲ್ಲಿ, ಬಾಡಿಗೆ ಕೋಣೆಗಳಲ್ಲಿ ಮೂರು ತೂತಿನ ಸಾಕೆಟ್ ಇದ್ದೂ ಹಿಂದೆ ಅರ್ಥ್ ತಂತಿಯೇ ಇರದಿರುವುದು ಅಪರೂಪವೇನಲ್ಲ. ಮುಂದಿನ ಮಳೆಗಾಲ ಬರುವುದರೊಳಗೆ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿ, ಲ್ಯಾಪ್‌ಟಾಪ್ ಸಿಕ್ಕಿಸುವ ಸಾಕೆಟ್ಟಿನ ಅರ್ಥಿಂಗನ್ನು ಒಮ್ಮೆ ಪರೀಕ್ಷೆ ಮಾಡಿಸಿ. ಅದು ಲ್ಯಾಪ್‌ಟಾಪನ್ನಷ್ಟೇ ಅಲ್ಲ, ಅದನ್ನು ಮುಟ್ಟುವ ಮಕ್ಕಳನ್ನೂ ಕಾಯುತ್ತದೆ.