ಗಾಜಿನ ಗೋಲಿಗೆ ಶ್ರುತಿ ಮಾಡುವ ಲೇಪ

ವಿಜಯಪುರದ ಗೋಲಗುಮ್ಮಟದ ಗ್ಯಾಲರಿಯಲ್ಲಿ ಒಬ್ಬರು ಗೋಡೆಗೆ ಬಾಯಿ ತಾಗಿಸಿ ಪಿಸುಗುಟ್ಟಿದರೆ, ಸುಮಾರು 37 ಮೀಟರ್ ಆಚೆ ಕಿವಿಯಿಟ್ಟವರಿಗೆ ಅದು ಸ್ಪಷ್ಟವಾಗಿ ಕೇಳುತ್ತದೆ. ದನಿ ನಡುವಿನ ಬಯಲಿಗೆ ಚದುರದೆ ಬಾಗಿದ ಗೋಡೆಯನ್ನೇ ಹಿಡಿದು ಸಾಗುತ್ತದೆ. ಲಂಡನ್ನಿನ ಸೇಂಟ್ ಪಾಲ್ ಕೆಥೆಡ್ರಲ್‌ನಲ್ಲಿ ಲಾರ್ಡ್ ರೇಲಿ ಇದರ ಗುಟ್ಟು ಬಿಡಿಸಿದ್ದರು. 1920ರ ದಶಕದ ಆರಂಭದಲ್ಲಿ ಸಿ.ವಿ. ರಾಮನ್ ಇಂಥ ಗ್ಯಾಲರಿಗಳನ್ನು ಅಭ್ಯಸಿಸಿದಾಗ ಗೋಲಗುಮ್ಮಟವನ್ನೂ ಪರಿಶೀಲಿಸಿದರು.

ಬೆಳಕು ಕೂಡ ಹೀಗೆಯೇ ಸುತ್ತಬಲ್ಲದು.

ಆಪ್ಟಿಕಲ್ ಫೈಬರ್‌ನ ತುದಿಯನ್ನು ಕರಗಿಸಿದರೆ ಮೇಲ್ಮೈ ಎಳೆತದಿಂದ ಅದು ತಾನಾಗಿಯೇ ಗುಂಡಗಾಗುತ್ತದೆ. ಮಿಲಿಮೀಟರಿನ ಐದನೇ ಒಂದು ಭಾಗದಷ್ಟು ಅಗಲದ ಆ ನುಣುಪಾದ ಗೋಲಿಯೊಳಗೆ ಹೊಕ್ಕ ಬೆಳಕು ಆರಿಹೋಗುವ ಮುನ್ನ ಇಪ್ಪತ್ತು ಸಾವಿರಕ್ಕೂ ಹೆಚ್ಚು ಸುತ್ತು ಹಾಕಬಲ್ಲದು. ಆದರೆ ಒಂದು ಷರತ್ತು: ಸುತ್ತಳತೆಯಲ್ಲಿ ಅಲೆಗಳು ಪೂರ್ಣ ಸಂಖ್ಯೆಯಲ್ಲಿ ಕೂರಬೇಕು. ಹಾಗೆ ಕೂರುವ ಬಣ್ಣಕ್ಕೆ ಮಾತ್ರ ಒಳಗೆ ಜಾಗ. ಇದೇ ಅನುರಣನ, ಗೋಲಿ ಒಂದು ಅನುರಣಕ.

ಬೇಕಾದ ಬಣ್ಣಕ್ಕೇ ಹೊಂದುವ ಗೋಲಿಯನ್ನು ಕರಗಿಸಿ ಪಡೆಯುವುದು ದುಸ್ತರ. ಲೇಪ ನೆರವಿಗೆ ಬರುವುದು ಇಲ್ಲಿ. ಮೃದಂಗದ ಎಡಭಾಗಕ್ಕೆ ನಾದಿದ ರವೆ ಮೆತ್ತಿ ಶ್ರುತಿ ಇಳಿಸುವಂತೆ, ಗೋಲಿಯ ಮೇಲೆ ತೆಳುಪದರ ಕೂರಿಸಿದರೆ ಅದರ ಕಂಪನಾಂಕ ಇಳಿದು ಅಲೆಯುದ್ದ ಹೆಚ್ಚುತ್ತದೆ. ಅಲ್ಯುಮಿನಿಯಂ ಆಕ್ಸೈಡನ್ನು ಒಂದು ಸಲಕ್ಕೆ ಸುಮಾರು 0.1 ನ್ಯಾನೋಮೀಟರ್‌ನಂತೆ ಪದರ ಪದರವಾಗಿ ಬೆಳೆಸುವ ವಿಧಾನವಿದೆ. ಗೋಲಿಯ ಮೇಲೆ ಗಾಜಿನದೇ ಪದರ ಒಂದೇ ಒಂದು ನ್ಯಾನೋಮೀಟರ್ ಕೂತರೂ ಶ್ರುತಿ 15 ಪಿಕೋಮೀಟರ್ ಸರಿಯುತ್ತದೆ. ಅತ್ಯಲ್ಪವೆನಿಸೀತು; ಆದರೆ ಒಳ್ಳೆಯ ಗೋಲಿಯ ಅನುರಣನದ ಅಗಲಕ್ಕಿಂತ ಅದು ಸಾವಿರ ಪಟ್ಟು ದೊಡ್ಡದು!

ಬಿಸಿಯ ಕಾಟ ಬೇರೆ. ಕಾದಾಗ ಗಾಜಿನ ವಕ್ರೀಭವನ ಸೂಚ್ಯಂಕ ಏರುತ್ತದೆ, ಶ್ರುತಿ ಜಾರುತ್ತದೆ. ಪಿಡಿಎಂಎಸ್ ಎಂಬ ಸಿಲಿಕೋನ್ ರಬ್ಬರಿನದು ತದ್ವಿರುದ್ಧ ಗುಣ: ಕಾದಷ್ಟೂ ಇಳಿಯುತ್ತದೆ, ಅದೂ ಗಾಜಿಗಿಂತ ಸುಮಾರು ಹತ್ತು ಪಟ್ಟು ಜೋರಾಗಿ. ಬೆಳಕಿನ ಹೆಚ್ಚಿನ ಪಾಲು ಗಾಜಿನಲ್ಲೇ ಇದ್ದು, ಅಂಚು ಮಾತ್ರ ಲೇಪದೊಳಗೆ ಚಾಚುವುದರಿಂದ ತೆಳುಪದರವೇ ಸಾಕು. ದಪ್ಪ ಸರಿಯಾಗಿ ಹೊಂದಿಸಿದರೆ ಒಂದರ ಏರಿಕೆ ಇನ್ನೊಂದರ ಇಳಿಕೆಯಲ್ಲಿ ವಜಾ ಆಗುತ್ತದೆ. ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ತಂಡ 2008ರಲ್ಲಿ ಇದನ್ನು ಮಾಡಿ ತೋರಿಸಿತು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ವಿಜ್ಞಾನ ಕೇಂದ್ರದಲ್ಲಿ ಸಿಲಿಕಾನ್ ಚಿಪ್ ಮೇಲಿನ ಉಂಗುರಾಕಾರದ ಅನುರಣಕಗಳ ಮೇಲೆ ಸಂಶೋಧನೆ ನಡೆಯುತ್ತಿದೆ. ಸಿಲಿಕಾನ್ ಬಿಸಿಗೆ ಇನ್ನೂ ಬೇಗ ಜಗ್ಗುತ್ತದೆ. ಶ್ರುತಿ ಕಾಯಲು ಪುಟ್ಟ ಹೀಟರ್ ಇಟ್ಟರೆ ಕರೆಂಟು ಖರ್ಚು. ಪಿಡಿಎಂಎಸ್‌ನಂತೆ ಬಿಸಿಯ ಜಾರಿಕೆಯನ್ನು ಸರಿದೂಗಿಸುವ ಟೈಟೇನಿಯಂ ಡೈಆಕ್ಸೈಡ್ ಲೇಪಕ್ಕೆ ಆ ಖರ್ಚಿಲ್ಲ.

ಲೇಪವನ್ನು ಮನುಷ್ಯರೇ ಹಚ್ಚಬೇಕೆಂದೂ ಇಲ್ಲ. ನೀರಿನಲ್ಲಿರುವ ಪ್ರೋಟೀನ್ ಗೋಲಿಗೆ ಅಂಟಿದರೆ ಅದೂ ಒಂದು ಪದರವೇ. 2002ರಲ್ಲಿ ವಿಜ್ಞಾನಿಗಳು ಅದರಿಂದ ಶ್ರುತಿ ಸರಿದದ್ದನ್ನು ಅಳೆದು, ಅಂಟಿದ ಪ್ರೋಟೀನಿನ ಪ್ರಮಾಣವನ್ನು ಲೆಕ್ಕಹಾಕಿದರು.