ಗೋವಿನಜೋಳದ ದಿಂಡು ಸೀಸವನ್ನು ಹಿಡಿದೀತೆ?

ರಾಶಿ ಮುಗಿದು ಕಾಳು ಮನೆ ಸೇರಿದ ಮೇಲೆ ಹಾವೇರಿ ಜಿಲ್ಲೆಯ ಹೊಲಗಳಲ್ಲಿ ಅಲ್ಲಲ್ಲಿ ಹೊಗೆಯೇಳುವುದುಂಟು. ಹಿರೇಕೆರೂರಿನ ಕಡೆ ಉರಿಯುವುದು ಗೋವಿನಜೋಳದ ದಂಟು, ದಿಂಡು. ಸವಣೂರು, ಶಿಗ್ಗಾಂವಿಗಳ ಕಡೆ ಹತ್ತಿಯ ಕಟ್ಟಿಗೆ. ಅರೆಮಲೆನಾಡಾದ ಹಾನಗಲ್ಲಿನಲ್ಲಿ ಭತ್ತದ ಹೊಟ್ಟು. ದನ ಮುಟ್ಟದ್ದನ್ನೂ ಒಲೆಗೆ ಮಿಕ್ಕದ್ದನ್ನೂ ಬೆಂಕಿಗಿತ್ತು ರೈತನು ಮುಂದಿನ ಹಂಗಾಮಿಗೆ ನೆಲ ಹಸನು ಮಾಡಿಕೊಳ್ಳುತ್ತಾನೆ. ಈ ಕಸಕ್ಕೆ ನೀರಿನಲ್ಲಿ ಕರಗಿದ ಸೀಸವನ್ನು ಹಿಡಿದಿಡುವ ಶಕ್ತಿಯುಂಟೆಂದರೆ ಅವನು ನಕ್ಕಾನು. ಆದರೆ ಮಾತು ನಿಜ. ಇದು ಆ ಊರುಗಳ ಬಾವಿಗಳ ಮೇಲಿನ ದೂರಲ್ಲ. ಅಲ್ಲಿ ಹೇರಳವಾಗಿ ದೊರೆಯುವ ಸಾಮಗ್ರಿಯ ವಿಚಾರ.

ನೀರನ್ನು ಕುದಿಸಿ ಆರಿಸಿದರೆ ನಿಶ್ಚಿಂತೆಯೆಂದು ಪಟ್ಟಣದ ಗೃಹಿಣಿ ಭಾವಿಸುತ್ತಾಳೆ. ಕ್ರಿಮಿಗಳ ಮಟ್ಟಿಗೆ ಅದು ಸರಿ. ಲೋಹದ ಮಟ್ಟಿಗೆ ಮಾತ್ರ ಕುದಿಸುವುದು ವ್ಯರ್ಥ. ನೀರು ಆವಿಯಾಗಿ ಇಂಗುತ್ತದೆ, ಲೋಹ ಪಾತ್ರೆಯಲ್ಲಿಯೇ ಉಳಿಯುತ್ತದೆ. ಭಾರತೀಯ ಮಾನಕ ಸಂಸ್ಥೆಯು 2012ರಲ್ಲಿ ಪರಿಷ್ಕರಿಸಿದ ಮಾನದಂಡದಂತೆ ಒಂದು ಲೀಟರು ಕುಡಿಯುವ ನೀರಿನಲ್ಲಿ ಸೀಸವು 0.01 ಮಿಲಿಗ್ರಾಮನ್ನೂ ಕ್ಯಾಡ್ಮಿಯಂ 0.003 ಮಿಲಿಗ್ರಾಮನ್ನೂ ಮೀರಬಾರದು. ಇಷ್ಟು ಸೂಕ್ಷ್ಮ ಪ್ರಮಾಣಕ್ಕೆ ಬಣ್ಣವಿಲ್ಲ, ರುಚಿಯಿಲ್ಲ. ಹಳೆಯ ಬ್ಯಾಟರಿಗಳಿಂದ, ಲೋಹಲೇಪನದ ಕಾರ್ಖಾನೆಗಳ ಕೊಳಚೆಯಿಂದ ನೀರಿಗಿಳಿಯುವ ಸೀಸವು ಎಳೆಯ ಮಕ್ಕಳ ಬುದ್ಧಿಯ ಬೆಳವಣಿಗೆಯನ್ನೇ ಕುಂಠಿತಗೊಳಿಸುತ್ತದೆ.

ದಿಂಡನ್ನು ಬಯಲಿನಲ್ಲಿ ಸುಟ್ಟರೆ ಉಳಿಯುವುದು ಬೂದಿ. ಗಾಳಿ ಆಡದಂತೆ ಮುಚ್ಚಿದ ಕುಲುಮೆಯಲ್ಲಿ 300ರಿಂದ 700 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೇಯಿಸಿದರೆ ದೊರೆಯುವುದು ಇದ್ದಿಲು. ಕಮ್ಮಾರರಿಗೂ ಅಕ್ಕಸಾಲಿಗರಿಗೂ ಈ ವಿದ್ಯೆ ಹೊಸದಲ್ಲ. 'ಬಯೋಚಾರ್' ಎಂಬ ಹೆಸರು ಮಾತ್ರ ಹೊಸದು. ಈ ಇದ್ದಿಲಿನ ಮೈಯೆಲ್ಲ ಕಣ್ಣಿಗೆ ಕಾಣದ ರಂಧ್ರ. ಚಿಟಿಕೆ ಪುಡಿಯೊಳಗಿನ ರಂಧ್ರಗಳ ಗೋಡೆಗಳನ್ನೆಲ್ಲ ಬಿಡಿಸಿ ಹರವಿದರೆ ಮನೆಯಂಗಳ ತುಂಬೀತು! ಆ ಗೋಡೆಗಳ ಮೇಲೆ ಋಣವಿದ್ಯುತ್ತಿನ ತಾಣಗಳಿವೆ. ಬೆಳೆಯು ಮಣ್ಣಿನಿಂದ ಹೀರಿದ ಸುಣ್ಣ, ಪೊಟ್ಯಾಸಿಯಂಗಳ ಅಂಶವೂ ಇದೆ. ಧನವಿದ್ಯುತ್ತಿನ ಸೀಸದ ಕಣ ಬಂದಾಗ ಇದ್ದಿಲು ಸುಣ್ಣದ ಕಣವನ್ನು ಬಿಟ್ಟುಕೊಟ್ಟು ಸೀಸವನ್ನು ಹಿಡಿದುಕೊಳ್ಳುತ್ತದೆ. ಇದ್ದಿಲಿನೊಳಗಿನ ರಂಜಕದೊಡನೆ ಕೂಡಿ ಕರಗದ ಹರಳಾಗಿ ಕೂರುವುದೂ ಉಂಟು.

ಆರ್ಸೆನಿಕ್ಕಿನ ರೀತಿ ಬೇರೆ. ರಾಯಚೂರು ಜಿಲ್ಲೆಯ ಹಟ್ಟಿಯ ಚಿನ್ನದ ಸೀಮೆಯಲ್ಲಿ ಕೆಲವು ಹಳ್ಳಿಗಳ ಅಂತರ್ಜಲವನ್ನು ಕೆಡಿಸಿದ ವಿಷವಿದು. ನೀರಿನಲ್ಲಿ ಇದು ಆಮ್ಲಜನಕದೊಡನೆ ಕೂಡಿ, ಸಾಮಾನ್ಯವಾಗಿ ಋಣವಿದ್ಯುತ್ತನ್ನೇ ಹೊತ್ತಿರುತ್ತದೆ ಅಥವಾ ಯಾವ ವಿದ್ಯುತ್ತನ್ನೂ ಹೊತ್ತಿರುವುದಿಲ್ಲ. ಬರಿಯ ಇದ್ದಿಲು ಇದನ್ನು ಹೆಚ್ಚು ಹಿಡಿಯಲಾರದು. ಹೊಟ್ಟನ್ನು ಕಬ್ಬಿಣದ ಲವಣದ ದ್ರಾವಣದಲ್ಲಿ ನೆನೆಸಿ ಆಮೇಲೆ ಬೇಯಿಸಿದರೆ, ಕಬ್ಬಿಣದ ಲೇಪವು ಆರ್ಸೆನಿಕ್ಕನ್ನು ಹಿಡಿಯುತ್ತದೆ. ಆದುದರಿಂದ ನೀರಿನಲ್ಲಿರುವ ಲೋಹ ಯಾವುದೆಂದು ಪ್ರಯೋಗಶಾಲೆಯಲ್ಲಿ ಮೊದಲು ತಿಳಿಯದೆ, ಮಡಕೆಗೆ ಇದ್ದಿಲು ತುಂಬಿ 'ನೀರು ಶುದ್ಧವಾಯಿತು' ಎಂದುಕೊಳ್ಳುವುದು ಅಪಾಯ. ಅಂಗಡಿಯ ಅಡುಗೆ ಇದ್ದಿಲನ್ನು ನೀರಿಗಿಳಿಬಿಡುವ ಉತ್ಸಾಹವಂತೂ ಬೇಡವೇ ಬೇಡ.

ಅಗ್ಗದ ಸಾಮಗ್ರಿಯೆಂದು ಹೊಗಳುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತಾರೆ. ರಂಧ್ರಗಳೆಲ್ಲ ತುಂಬಿದ ಮೇಲಿನ ಕಥೆ ಅಷ್ಟು ಸುಲಭದ್ದಲ್ಲ. ಹೊಸ ಇದ್ದಿಲನ್ನು ಹೊಲಕ್ಕೆ ಹಾಕಿದರೆ ಅದು ತೇವವನ್ನೂ ಸಾರವನ್ನೂ ಹಿಡಿದಿಡುತ್ತದೆ. ಹುಳಿಮಣ್ಣಿಗೆ ಹಿತವೂ ಹೌದು. ಸೀಸ ಕುಡಿದ ಇದ್ದಿಲನ್ನು ಅದೇ ಹೊಲಕ್ಕೆ ಹಾಕಿದರೋ, ನೀರಿನಿಂದ ತೆಗೆದ ವಿಷವನ್ನು ಮಣ್ಣಿಗಿಟ್ಟಂತೆ. ತಿಳಿ ಆಮ್ಲದಲ್ಲಿ ತೊಳೆದರೆ ಇದ್ದಿಲು ಕೆಲವು ಬಾರಿ ಮತ್ತೆ ಕೆಲಸಕ್ಕೆ ಬರುತ್ತದೆ. ಆಗ ಹಿಡಿದ ಸೀಸವೆಲ್ಲ ತೊಳೆದ ನೀರಿಗಿಳಿದಿರುತ್ತದೆ. ಅದನ್ನು ಗಟ್ಟಿಗೊಳಿಸಿ ಅಪಾಯಕಾರಿ ತ್ಯಾಜ್ಯವೆಂದೇ ಕಾಪಿಟ್ಟು ವಿಲೇವಾರಿ ಮಾಡಬೇಕು. ದಿಂಡಿನ ಬೆಲೆ ಲೆಕ್ಕ ಹಾಕುವವರು ಈ ಖರ್ಚನ್ನೂ ಅದೇ ಪುಟದಲ್ಲಿ ಬರೆಯಬೇಕಾಗುತ್ತದೆ.