ಗಾಳದ ಕೋಲು ಬಾಗುವ ಬಗೆ

ಕೆರೆಯ ಏರಿಯ ಮೇಲೆ ಹುಡುಗರು ಗಾಳ ಹಾಕಿಕೊಂಡು ಕುಳಿತಿರುವುದನ್ನು ನೀವು ನೋಡಿಯೇ ಇರುತ್ತೀರಿ. ಕೈಯಲ್ಲಿ ಒಂದು ಬಿದಿರು ಕಡ್ಡಿ, ತುದಿಗೆ ಕಟ್ಟಿದ ದಾರ, ದಾರದ ಕೊನೆಗೆ ಕೊಕ್ಕೆ, ಕೊಕ್ಕೆಗೆ ಒಂದು ಎರೆಹುಳು; ಇಷ್ಟೇ ಸಲಕರಣೆ. ಮೀನು ಕಚ್ಚಿದೊಡನೆ ಹುಡುಗ ಕಡ್ಡಿಯನ್ನು ಮೇಲಕ್ಕೆತ್ತುತ್ತಾನೆ, ಬೆರಳುದ್ದದ ಮೀನು ಏರಿಯ ಮೇಲೆ ಬಂದು ಬೀಳುತ್ತದೆ. ಈ ಕಡ್ಡಿಗೂ, ಹೊಳೆಯಲ್ಲಿ ದೊಡ್ಡ ಮೀನು ಹಿಡಿಯುವವರ ಬೆಲೆಬಾಳುವ ಕೋಲಿಗೂ ಏನು ಅಂತರ ಎಂದು ಕೇಳಿದರೆ, ‘ಅದು ಗಟ್ಟಿ, ಇದು ಸೊಟ್ಟ’ ಎಂದು ಹೇಳಿಬಿಡುವವರೇ ಹೆಚ್ಚು. ನಾನೂ ಒಂದು ಕಾಲದಲ್ಲಿ ಹಾಗೆಯೇ ತಿಳಿದಿದ್ದೆ. ಕೋಲಿನ ಗುಣ ಅದರ ಗಟ್ಟಿತನದಲ್ಲಿಲ್ಲ. ಅದು ಎಲ್ಲಿ ಬಾಗುತ್ತದೆ, ಬಾಗಿದ್ದು ಎಷ್ಟು ಬೇಗ ನೆಟ್ಟಗಾಗುತ್ತದೆ ಎಂಬುದರಲ್ಲಿದೆ.

ಮೊದಲು ಎಸೆತದ ವಿಚಾರ. ಹುಣಿಸೆಯ ಬರಲಿನ ತುದಿಗೆ ಹಸಿ ಜೇಡಿಮಣ್ಣಿನ ಉಂಡೆ ಸಿಕ್ಕಿಸಿ ಬೀಸುವ ಆಟ ನಿಮಗೆ ನೆನಪಿರಬಹುದು. ಬರಿಗೈಯಲ್ಲಿ ಎಸೆದರೆ ಅಂಗಳ ದಾಟದ ಉಂಡೆ, ಬರಲಿನಿಂದ ಎಸೆದರೆ ತೆಂಗಿನ ಮರವನ್ನು ದಾಟುತ್ತದೆ. ಕೈ ಒಂದು ಗೇಣು ತಿರುಗುವಷ್ಟರಲ್ಲಿ ಬರಲಿನ ತುದಿ ಹಲವು ಅಡಿ ಸುತ್ತಿರುತ್ತದೆ. ವೇಗದ ಬಹುಪಾಲು ಈ ಉದ್ದದಿಂದ ಬಂದದ್ದು. ಮಿಕ್ಕದ್ದು ಬಾಗಿನಿಂದ ಬಂದದ್ದು. ಬೀಸುವಾಗ ಉಂಡೆಯ ಭಾರಕ್ಕೆ ಬರಲು ಹಿಂದಕ್ಕೆ ಬಾಗಿ, ಕೈಯ ಶ್ರಮವನ್ನು ಬಿಲ್ಲಿನಂತೆ ಕೂಡಿಟ್ಟುಕೊಂಡು, ಕೈ ನಿಂತ ಮರುಕ್ಷಣ ಅದನ್ನು ಹಿಂತಿರುಗಿಸುತ್ತದೆ. ಗಾಳದ ಕೋಲು ಮಾಡುವುದೂ ಇದನ್ನೇ. ಎಸೆಯುವ ವಸ್ತು ಕೋಲಿಗೆ ತೀರ ಹಗುರವಾದರೆ ಕೋಲು ಬಾಗುವುದೇ ಇಲ್ಲ. ತೀರ ಭಾರವಾದರೆ ಬಾಗಿದ್ದು ಏಳುವುದೇ ಇಲ್ಲ. ಒಂದೊಂದು ಕೋಲಿಗೂ ಇಷ್ಟು ಗ್ರಾಮಿನಿಂದ ಇಷ್ಟು ಗ್ರಾಮಿನವರೆಗೆ ಎಂದು ಅದರ ಬುಡದ ಬಳಿ ಬರೆದಿರುವುದು ಈ ಕಾರಣಕ್ಕೆ.

ಇನ್ನು ಬಾಗುವ ಜಾಗ. ದುಂಡಗಿನ ಕೋಲಿನ ದಪ್ಪ ಎರಡು ಪಟ್ಟಾದರೆ ಅದರ ಬಿಗಿ ಎರಡು ಪಟ್ಟಾಗುವುದಿಲ್ಲ, 16 ಪಟ್ಟಾಗುತ್ತದೆ. ಆದ್ದರಿಂದ ಬುಡದಿಂದ ತುದಿಗೆ ಕೋಲು ಸಣ್ಣಗಾಗುವ ಕ್ರಮದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಮಾಡಿದರೂ ಕೋಲಿನ ನಡತೆಯೇ ಬೇರೆಯಾಗುತ್ತದೆ. ಬುಡ ದಪ್ಪವಾಗಿದ್ದು ತುದಿ ಥಟ್ಟನೆ ಸಣ್ಣಗಾದರೆ ತುದಿಯ ಭಾಗ ಮಾತ್ರ ಬಾಗುತ್ತದೆ; ಬಲ್ಲವರು ಇದಕ್ಕೆ ಚುರುಕು ಕೋಲು ಎನ್ನುತ್ತಾರೆ. ನಿಧಾನವಾಗಿ ಸಣ್ಣಗಾಗುತ್ತ ಹೋದರೆ ಬಾಗು ಹಿಡಿಯವರೆಗೂ ಇಳಿದು ಬರುತ್ತದೆ. ಇದು ಸಾವಧಾನದ ಕೋಲು. ಚುರುಕು ಕೋಲು ಹಗುರವಾದ ಲೋಹದ ಚಮಚದಂಥ ಹುಸಿ ಎರೆಯನ್ನು ಗುರಿಯಿಟ್ಟಲ್ಲಿಗೆ ಎಸೆಯುತ್ತದೆ, ಮೀನು ಮುಟ್ಟಿದ್ದನ್ನು ಕೂಡಲೆ ಕೈಗೆ ತಿಳಿಸುತ್ತದೆ. ಹಾಗಾದರೆ ಅದೇ ಮೇಲಲ್ಲವೆ ಎನ್ನುವಿರಾ? ನಮ್ಮ ಕಾವೇರಿಯ ದಂಡೆಗೆ ಬನ್ನಿ. ಇಲ್ಲಿ ಮಹಶೀರ್ ಮೀನಿಗೆ ಹೆಸರಾದ ಎರೆ ರಾಗಿಯ ಉಂಡೆ. ಹಿಟ್ಟನ್ನು ನಾದಿ, ಬೇಯಿಸಿ, ಮತ್ತೆ ನಾದಿ, ನಿಂಬೆಹಣ್ಣಿನ ಗಾತ್ರಕ್ಕೆ ಕಟ್ಟಿ ಕೊಕ್ಕೆಗೆ ಮೆತ್ತುತ್ತಾರೆ. ಚುರುಕು ಕೋಲಿನ ಒದೆತಕ್ಕೆ ಈ ಮುದ್ದೆ ಒಂದು ದಿಕ್ಕಿಗೂ ಕೊಕ್ಕೆ ಒಂದು ದಿಕ್ಕಿಗೂ ಹೋಗುತ್ತವೆ. ಸಾವಧಾನದ ಕೋಲಾದರೆ ತೊಟ್ಟಿಲು ತೂಗಿದಂತೆ ತೂಗಿ ಅದನ್ನು ಇಡಿಯಾಗಿ ಸುಳಿಯಾಚೆಗೆ ಕಳುಹಿಸುತ್ತದೆ.

ಮೀನು ಸಿಕ್ಕ ಮೇಲೆ ಕೋಲಿನ ಕೆಲಸ ತಲೆಕೆಳಗಾಗುತ್ತದೆ. ಕೋಲು ಒಂದು ಸನ್ನೆಗೋಲು, ನಮ್ಮ ಬಲವನ್ನು ಹೆಚ್ಚಿಸುತ್ತದೆ ಎಂದು ಅನೇಕರು ನಂಬುತ್ತಾರೆ. ಸನ್ನೆಗೋಲು ಹೌದು, ಆದರೆ ಅದರ ಉದ್ದದ ತುದಿ ಮೀನಿನ ಕಡೆಗಿದೆ! ಬುಡವನ್ನು ಹೊಟ್ಟೆಗೆ ಆನಿಸಿ, ಅಲ್ಲಿಂದ 1 ಅಡಿ ಮುಂದೆ ಕೈಹಿಡಿದಿದ್ದೀರಿ ಎನ್ನಿ. ತುದಿ 8 ಅಡಿ ದೂರದಲ್ಲಿದೆ. ಬಾಗದ ಕೋಲನ್ನು ಮೀನು ಅಡ್ಡಲಾಗಿ 2 ಕಿಲೋ ಬಲದಿಂದ ಎಳೆದರೆ ನಿಮ್ಮ ಕೈ ತಡೆಯಬೇಕಾದದ್ದು 16 ಕಿಲೋ. ಅದೇ ಕೋಲು ಚೆನ್ನಾಗಿ ಬಾಗಿ, ಎಳೆತದ ರೇಖೆ ಹೊಟ್ಟೆಯಿಂದ 4 ಅಡಿ ದೂರಕ್ಕೆ ಬಂದರೆ ಕೈಗೆ ಬೀಳುವುದು 8 ಕಿಲೋ ಮಾತ್ರ. ಸಾಮಾನು ತೂಗುವ ಸ್ಪ್ರಿಂಗ್ ತಕ್ಕಡಿಗೆ ದಾರ ಕಟ್ಟಿ, ಇನ್ನೊಬ್ಬರ ಕೈಗೆ ಕೊಟ್ಟು, ಕೋಲೆತ್ತಿ ಎಳೆದು ನೋಡಿ. ತೋಳು ನಡುಗುವಷ್ಟು ಎಳೆದರೂ ಮುಳ್ಳು ತೋರಿಸುವ ತೂಕ ಕಂಡು ನಾಚಿಕೆಯಾಗುತ್ತದೆ. ಕೋಲನ್ನು ತಲೆಯ ಮೇಲೆ ನೆಟ್ಟಗೆ ಹಿಡಿಯದೆ, ಪಕ್ಕಕ್ಕೆ ಇಳಿಸಿ, ದಾರದ ದಿಕ್ಕಿಗೆ ಓರೆಮಾಡಿ ಹಿಡಿದರೆ ದಪ್ಪನೆಯ ಬುಡವೂ ಕೆಲಸಕ್ಕೆ ಬರುತ್ತದೆ, ಮೀನಿನ ತಲೆಯೂ ತಿರುಗುತ್ತದೆ. ದಾರದ ನೇರಕ್ಕೇ ಚಾಚಿಬಿಟ್ಟರೆ ಮಾತ್ರ ಕೋಲು ಇದ್ದೂ ಇಲ್ಲದಂತೆ, ಎಳೆತವೆಲ್ಲ ದಾರಕ್ಕೆ.

ಬಾಗಿನ ಮುಖ್ಯ ಉಪಕಾರ ದಾರವನ್ನು ಉಳಿಸುವುದು. ರೀಲಿಗೆ ಬಿಗಿ ಇಟ್ಟಿರುತ್ತಾರೆ. ಮೀನು ಓಡಿದಾಗ ದಾರ ಜಾರಿ ಬಿಚ್ಚಿಕೊಳ್ಳಬೇಕು. ಆದರೆ ನಿಂತ ಚಕ್ರವನ್ನು ಹೊರಡಿಸುವುದಕ್ಕೆ ಓಡುವ ಚಕ್ರಕ್ಕಿಂತ ಹೆಚ್ಚು ಬಲ ಬೇಕು. ಆ ಒಂದು ಕ್ಷಣದ ಹೊಡೆತವನ್ನು ಕೋಲು ಬಾಗಿ ತಾನು ನುಂಗಬೇಕು. ನಾನು ಮೊದಲು ಕೊಂಡ ಕೋಲು ಒನಕೆಯಂತಿತ್ತು. ಅಂಗಡಿಯವರು ‘ಎಂಥ ಮೀನಿಗೂ ಜಗ್ಗದು’ ಎಂದು ಹೊಗಳಿ ಕೊಟ್ಟಿದ್ದರು; ಆ ಮಾತು ಸತ್ಯವೇ. ಮೊದಲನೆಯ ದೊಡ್ಡ ಮೀನು ಓಡಿದಾಗ ಕೋಲು ಜಗ್ಗಲಿಲ್ಲ, ದಾರ ಹರಿಯಿತು. ಬಾಯಲ್ಲಿ ಕೊಕ್ಕೆ, ಹಿಂದೆ ಹತ್ತು ಮಾರು ದಾರ ಎಳೆದುಕೊಂಡು ಆ ಮೀನು ಬಂಡೆಗಳ ಸಂದಿಗೆ ಹೋಯಿತು. ಅಲ್ಲಿ ಅದರ ಗತಿ ಏನಾಯಿತೆಂದು ಯೋಚಿಸುತ್ತ ಆ ರಾತ್ರಿ ನಿದ್ದೆ ಬರಲಿಲ್ಲ. ಆ ಕೋಲು ಆಮೇಲೆ ಬಹಳ ವರ್ಷ ನಮ್ಮ ಮಾಳಿಗೆಯ ಮೇಲೆ ರೇಡಿಯೋ ಏರಿಯಲ್ಲಿನ ತಂತಿ ಹಿಡಿದು ನಿಂತಿತ್ತು.

ಹಾಗೆಂದು ಮೆತ್ತಗಿದ್ದಷ್ಟೂ ಒಳ್ಳೆಯದಲ್ಲ. ಬಲಕ್ಕೆ ಮೀರಿ ಮೆತ್ತಗಿರುವ ಕೋಲಿನಿಂದ ಮೀನನ್ನು ತಡೆಯಲಾಗದು. ಹತ್ತು ನಿಮಿಷದ ಆಟ ಒಂದು ಗಂಟೆಯಾಗುತ್ತದೆ. ಬೇಸಿಗೆಯ ಬೆಚ್ಚನೆಯ ನೀರಿನಲ್ಲಿ ಪ್ರಾಣವಾಯು ಕಡಿಮೆ. ಅಷ್ಟು ಹೊತ್ತು ಸೆಣಸಿ ದಣಿದ ಮೀನನ್ನು ಮರಳಿ ನೀರಿಗೆ ಬಿಟ್ಟರೂ ಅದು ಬದುಕುವ ಭರವಸೆಯಿಲ್ಲ. 1946ರಲ್ಲಿ ದ ವೆಟ್ ವ್ಯಾನ್ ಇಂಗೆನ್ ಅವರು ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡು, ಎಂದರೆ ಸುಮಾರು 54 ಕಿಲೋ ತೂಗಿತು. ಕಾವೇರಿ ಸೀಮೆಯ ಆ ಡುಬ್ಬದ ಮಹಶೀರ್ 2018ರಲ್ಲಿ ಅಳಿವಿನ ಅಂಚಿನ ಜೀವಿಗಳ ಪಟ್ಟಿಗೆ ಸೇರಿತು. ಇಂಥ ಮೀನಿನ ಮಟ್ಟಿಗೆ ಕೋಲಿನ ಆಯ್ಕೆ ಬರಿಯ ವಿನೋದದ ಮಾತಲ್ಲ.

ಕೋಲು ಯಾವುದರಿಂದ ಆಗಿದೆ ಎಂಬುದನ್ನೂ ನೋಡಬೇಕು. ಬಿದಿರಿನ ನಾರು ಹೊರಸಿಪ್ಪೆಯ ಬಳಿ ದಟ್ಟವಾಗಿದೆ, ಒಳಗೆ ವಿರಳ. ಅದಕ್ಕೇ 19ನೆಯ ಶತಮಾನದಲ್ಲಿ ಅಮೆರಿಕದ ಕುಶಲಿಗಳು ಬಿದಿರನ್ನು ಸೀಳಿ, ಸಿಪ್ಪೆಯ ಕಡೆಯ ಆರು ಮುಮ್ಮೂಲೆ ಪಟ್ಟಿಗಳನ್ನು ಅಂಟಿಸಿ ಕೋಲು ಮಾಡಿದರು. ಮೊದಮೊದಲು ಅವರು ಬಳಸಿದ್ದು ಕಲ್ಕತ್ತೆಯಿಂದ ಹಡಗಿನಲ್ಲಿ ಹೋದ ಬಿದಿರು! ಎರಡನೆಯ ಮಹಾಯುದ್ಧದ ತರುವಾಯ ಗಾಜಿನ ನಾರಿನ ಕೋಲು ಬಂತು. 1970ರ ದಶಕದಲ್ಲಿ ಇಂಗಾಲದ ನಾರಿನದು. ಗಾಜಿನದು ಭಾರ, ಬಾಗು ಆಳ, ಪೆಟ್ಟನ್ನು ತಾಳುತ್ತದೆ. ಇಂಗಾಲದ್ದು ಹಗುರ, ಬಾಗಿದ ಕೂಡಲೆ ನೆಟ್ಟಗಾಗುತ್ತದೆ; ಆದರೆ ಅದು ತೆಳುಗೋಡೆಯ ಕೊಳವೆ. ಮೀನು ಕಾಲಬಳಿ ಬಂದಾಗ ಕೋಲನ್ನು ಹಿಂದಕ್ಕೆ ಬಗ್ಗಿಸಿ ಎತ್ತಿದರೆ ತುದಿಯ ಭಾಗ ಚಪ್ಪಟೆಯಾಗಿ ಪಟ್ಟೆಂದು ಮುರಿಯುತ್ತದೆ. ಮುರಿಯುವ ಕೋಲುಗಳಲ್ಲಿ ಹೆಚ್ಚಿನವು ಹೀಗೆ ದಡದಲ್ಲಿಯೇ ಮುರಿಯುತ್ತವೆ.

ಕೊಳ್ಳುವ ದಿನ ಬಂದರೆ ಗಾಳಿಯಲ್ಲಿ ಬೀಸಿ ನೋಡಿ ಸುಮ್ಮನಾಗಬೇಡಿ. ಖಾಲಿ ಕೋಲು ಏನನ್ನೂ ಹೇಳದು. ಅಂಗಡಿಯವರಿಗೆ ತುದಿಯನ್ನು ಮೆಲ್ಲಗೆ ಹಿಡಿಯಲು ಹೇಳಿ, ಬುಡವನ್ನು ನೀವು ನಿಧಾನವಾಗಿ ಎತ್ತಿರಿ. ಮೊದಲು ಯಾವ ಜಾಗ ಬಾಗಿತು, ಬಲ ಹೆಚ್ಚಿಸಿದಾಗ ಬಾಗು ಕೆಳಗಿಳಿಯಿತೋ ನಡುವೆ ಒಂದೆಡೆ ಮೊಣಕೈಯಂತೆ ಮುರಿದು ನಿಂತಿತೋ ನೋಡಿರಿ. ಮೊಣಕೈ ಕಂಡ ಕೋಲನ್ನು ಅಲ್ಲಿಯೇ ಬಿಟ್ಟು ಬನ್ನಿ.